ಕಿರಿಯ ಸಂಶೋಧಕರ ಆಯ್ಕೆ: ಅಂಕವೊಂದೇ ಸಾಕೆ?

ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಬೇರೆಬೇರೆ ಕೇಂದ್ರಗಳು ಆಗಿಂದಾಗ್ಗೆ ಕಿರಿಯ ಸಂಶೋಧಕರು ಬೇಕೆಂದು ಪ್ರಕಟಣೆ ಹೊರಡಿಸುತ್ತವೆ. ಜೂನಿಯರ್ ರಿಸರ್ಚ್ ಫೆಲೋ ಎಂಬುದು ಈ ಸ್ಥಾನದ ರೂಢಿಯ ಹೆಸರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ನೆಲವನ್ನು ಮುಟ್ಟಿದುದನ್ನು ಕಂಡ ತರುಣರಿಗೆ ಆ ಸಂಸ್ಥೆಯ ಬಾಗಿಲು ತಟ್ಟುವ ಹಂಬಲ ಹುಟ್ಟುವುದು ಸಹಜವೇ ಸರಿ. ಆದರೆ ಆ ಬಾಗಿಲಿನಲ್ಲಿ ಯಾವ ಗುಣವನ್ನು ಅಳೆಯುತ್ತಿದ್ದೇವೆ, ಯಾವುದನ್ನು ಅಳೆಯಬೇಕಾಗಿದೆ ಎಂಬುದನ್ನು ನಾವು ಸಾಕಷ್ಟು ವಿಚಾರಿಸಿದಂತಿಲ್ಲ.

ಮೊದಲು ಪ್ರಕಟಣೆಯ ಷರತ್ತುಗಳನ್ನು ನೋಡೋಣ. ಎಂ.ಎಸ್ಸಿ.ಯಲ್ಲಿ ಉತ್ತಮ ದರ್ಜೆ, ನೆಟ್ ಅಥವಾ ಗೇಟ್‌ನಂಥ ಅಖಿಲಭಾರತ ಪರೀಕ್ಷೆಯಲ್ಲಿ ತೇರ್ಗಡೆ, ಸಾಮಾನ್ಯವಾಗಿ 28 ವರ್ಷ ಮೀರದ ವಯಸ್ಸು, ಅನಂತರ ಸಂದರ್ಶನ. ಹಿಂದುಳಿದ ಹಾಗೂ ಪರಿಶಿಷ್ಟ ವರ್ಗದವರಿಗೆ ವಯಸ್ಸಿನಲ್ಲಿ ವಿನಾಯಿತಿಯುಂಟು. ಕೇಂದ್ರ ಸರ್ಕಾರವು 2023ರ ಜನವರಿ 1ರಿಂದ ಜಾರಿಗೆ ತಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದೆ ಹಿರಿಯ ಸಂಶೋಧಕನೆಂದು ಬಡ್ತಿ ದೊರೆತರೆ 42,000 ರೂಪಾಯಿ ಶಿಷ್ಯವೇತನ ನಿಗದಿಯಾಗಿದೆ. ಇದು ತಾತ್ಕಾಲಿಕ ಸ್ಥಾನ. ಅವಧಿ ಮುಗಿದ ಮೇಲೆ ಖಾಯಂ ನೌಕರಿ ಸಿಕ್ಕೀತೆಂಬ ಭರವಸೆಯಿಲ್ಲ. ಆದುದರಿಂದ ಇದನ್ನು ಉದ್ಯೋಗವೆಂದು ಬಗೆಯುವುದು ತಪ್ಪು. ಇದು ಗುರುವಿನ ಬಳಿ ನಿಂತು ಕಸಬು ಕಲಿಯುವ ಶಿಷ್ಯವೃತ್ತಿ. ಆ ಕಸಬಾದರೂ ಯಾವುದು?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಚಂದ್ರಯಾನ-3ರಲ್ಲಿ ‘ಚಾಸ್ಟೆ’ ಎಂಬ ಉಪಕರಣವಿತ್ತು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯವು ಅಹಮದಾಬಾದಿನ ಭೌತ ಸಂಶೋಧನ ಪ್ರಯೋಗಾಲಯದ ಸಹಕಾರದಿಂದ ಇದನ್ನು ರಚಿಸಿತು. ಹತ್ತು ಉಷ್ಣತಾ ಸಂವೇದಕಗಳನ್ನು ಹೊತ್ತು 10 ಸೆಂಟಿಮೀಟರಿನವರೆಗೆ ಚಂದ್ರನ ಮಣ್ಣಿನೊಳಕ್ಕೆ ಇಳಿಯಬಲ್ಲ ಸಲಾಕೆಯದು. ಮೇಲ್ಮೈಯ ಬಳಿ 50 ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ್ದ ಉಷ್ಣತೆಯು ಸುಮಾರು 8 ಸೆಂಟಿಮೀಟರ್ ಆಳದಲ್ಲಿ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಕ್ಕೆ ಇಳಿದಿತ್ತು! ಚಂದ್ರನಲ್ಲಿ ಗಾಳಿಯಿಲ್ಲ; ಮಣ್ಣಿನ ಕಣಗಳು ಒಂದನ್ನೊಂದು ತಾಗುವ ಚಿಕ್ಕ ಚಿಕ್ಕ ಬಿಂದುಗಳ ಮೂಲಕವೂ ವಿಕಿರಣದ ಮೂಲಕವೂ ಮಾತ್ರ ಉಷ್ಣವು ಸಾಗಬೇಕು. ಅದರಿಂದಲೇ ಅಲ್ಲಿನ ಮಣ್ಣು ಅಷ್ಟು ದುರ್ವಾಹಕ.

ಇಂಥ ಅಂಕಿಗಳನ್ನು ಓದಿ ಹೇಳುವುದು ಸುಲಭ. ಅವುಗಳನ್ನು ನಂಬಬಹುದೆಂದು ತೋರಿಸುವುದು ಕಷ್ಟ. ಸಲಾಕೆಯೇ ಮೇಲಿನ ಬಿಸಿಯನ್ನು ಕೆಳಕ್ಕೆ ಸಾಗಿಸಲಿಲ್ಲವಷ್ಟೆ? ಒಳಗೆ ತೂರುವಾಗ ಮಣ್ಣು ಒತ್ತಿಕೊಂಡು ಅದರ ಗುಣ ಬದಲಾಗಲಿಲ್ಲವಷ್ಟೆ? ಭೂಮಿಯ ಮೇಲೆ ಸರಿಯಾಗಿ ತೋರಿದ ಸಂವೇದಕ ನಿರ್ವಾತದಲ್ಲಿಯೂ ಹಾಗೆಯೇ ತೋರುವುದೆ? ಹೀಗೆ ತನ್ನ ಅಳತೆಯನ್ನು ತಾನೇ ಶಂಕಿಸಿ, ಶಂಕೆಯನ್ನು ಪರೀಕ್ಷಿಸಿ, ಉಳಿದ ಅನಿಶ್ಚಯವನ್ನು ಮುಚ್ಚುಮರೆಯಿಲ್ಲದೆ ಬರೆದಿಡುವುದೇ ಕಿರಿಯ ಸಂಶೋಧಕನು ಕಲಿಯಬೇಕಾದ ಕಸಬು.

ಈಗ ನಮ್ಮ ಕಾಲೇಜುಗಳತ್ತ ತಿರುಗೋಣ. ದುರ್ವಾಹಕದ ಉಷ್ಣವಾಹಕತೆಯನ್ನು ಅಳೆಯುವ ಲೀಯ ತಟ್ಟೆಯ ಪ್ರಯೋಗವನ್ನು ಪದವಿ ವಿದ್ಯಾರ್ಥಿಗಳು ಬಲ್ಲರು. ಚಾಸ್ಟೆಯ ಪ್ರಶ್ನೆಗೂ ಇದರ ಪ್ರಶ್ನೆಗೂ ಮೂಲದಲ್ಲಿ ಭೇದವಿಲ್ಲ. ಹಬೆಯನ್ನು ಹಾಯಿಸಿ, ಎರಡು ಥರ್ಮಾಮೀಟರುಗಳೂ ಸ್ಥಿರವಾಗುವವರೆಗೆ ಕಾಯಬೇಕು. ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಎಷ್ಟು ಮಂದಿ ಕಾಯುತ್ತಾರೆ? ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಕೈಗೆ ಸಿಕ್ಕಿದರೆ ಹಬೆಯೂ ಬೇಡ, ಥರ್ಮಾಮೀಟರೂ ಬೇಡ! ದೋಷವು ವಿದ್ಯಾರ್ಥಿಗಳದು ಮಾತ್ರವಲ್ಲ. ಉತ್ತರವು ಪುಸ್ತಕದ ಬೆಲೆಗೆ ಹೊಂದಿದರೆ ರುಜು ಹಾಕಿ, ಹೊಂದದಿದ್ದರೆ ‘ಮತ್ತೆ ಮಾಡು’ ಎನ್ನುವ ಅಧ್ಯಾಪಕರಾದ ನಾವೂ ಇದರಲ್ಲಿ ಪಾಲುಗಾರರು. ಏಕೆ ಹೊಂದಲಿಲ್ಲವೆಂದು ಕೇಳುವವರು ನಮ್ಮಲ್ಲಿ ವಿರಳ.

ಹೀಗೆ ನಕಲು ಮಾಡಿ ಬಂದವನನ್ನೂ ತಾಳ್ಮೆಯಿಂದ ಅಳೆದು ಬಂದವಳನ್ನೂ ನೆಟ್ ಪರೀಕ್ಷೆ ಬೇರ್ಪಡಿಸಲಾರದು. ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವುದು ಅದರ ಕ್ರಮ. ವಿಷಯಜ್ಞಾನವನ್ನು ಅದು ಚೆನ್ನಾಗಿಯೇ ಅಳೆಯುತ್ತದೆ. ಆ ಜ್ಞಾನವಿಲ್ಲದೆ ಸಂಶೋಧನೆಯಿಲ್ಲವೆಂಬುದೂ ನಿಜ. ಆದರೆ ಪ್ರಕೃತಿಯು ನಾಲ್ಕು ಉತ್ತರಗಳನ್ನು ಮುಂದಿಟ್ಟು ಪ್ರಶ್ನೆ ಕೇಳುವುದಿಲ್ಲ. ಅರ್ಧಗಂಟೆಯ ಸಂದರ್ಶನದಲ್ಲಿಯೂ ಮಾತಿನ ಚಾತುರ್ಯ ತಿಳಿದೀತೇ ಹೊರತು ಕೈಯ ಪ್ರಾಮಾಣಿಕತೆ ತಿಳಿಯದು.

ಆದುದರಿಂದ ನಮ್ಮ ಸೂಚನೆಯಿಷ್ಟು. ಸಂದರ್ಶನಕ್ಕೆ ಕರೆದವರಿಗೆ ಅರ್ಧ ದಿನದ ಪ್ರಯೋಗ ಪರೀಕ್ಷೆಯೊಂದನ್ನು ಏರ್ಪಡಿಸಬೇಕು. ಥರ್ಮಾಮೀಟರು, ಗಡಿಯಾರ, ಅಳತೆಪಟ್ಟಿಗಳಂಥ ಸಾಧಾರಣ ಸಲಕರಣೆ ಸಾಕು. ಅದರಲ್ಲೊಂದಕ್ಕೆ ಬೇಕೆಂದೇ ಸಣ್ಣ ದೋಷವಿರಲಿ. ಅಭ್ಯರ್ಥಿಯು ಅದನ್ನು ಕಂಡುಹಿಡಿಯುವನೆ, ತನ್ನ ಉತ್ತರ ಎಷ್ಟರಮಟ್ಟಿಗೆ ನಂಬಲರ್ಹವೆಂದು ಹೇಳುವನೆ ಎಂಬುದಕ್ಕೆ ಅಂಕ ಸಲ್ಲಲಿ.

ಇದರಿಂದ ಸಲಕರಣೆಗಳಿಲ್ಲದ ಸಣ್ಣ ಊರಿನ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅನ್ಯಾಯವಾದೀತೆಂದು ಕೆಲವರು ಆಕ್ಷೇಪಿಸಬಹುದು. ಬೆಲೆಬಾಳುವ ಯಂತ್ರಗಳ ಪರಿಚಯವನ್ನು ಪರೀಕ್ಷಿಸಿದರೆ ಆ ಮಾತು ನಿಜ. ಆದರೆ ನಾವು ಕೇಳುತ್ತಿರುವುದು ತಾಳ್ಮೆಯನ್ನು, ಸತ್ಯನಿಷ್ಠೆಯನ್ನು. ಇವು ನಗರದ ತರಬೇತಿ ಕೇಂದ್ರಗಳಲ್ಲಿ ಹಣಕ್ಕೆ ದೊರೆಯುವ ವಸ್ತುಗಳಲ್ಲ. ನಮ್ಮ ಬಡ ವಿದ್ಯಾರ್ಥಿಗಳಿಗೆ ಈ ಪರೀಕ್ಷೆಯೇ ಹೆಚ್ಚು ನ್ಯಾಯವಾದುದೆಂದು ನಾವು ನಂಬುತ್ತೇವೆ.

ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾಯರು ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳನ್ನು ಅಭ್ಯಾಸ ಮಾಡಿದವರು. ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡು 1975ರ ಏಪ್ರಿಲ್ 19ರಂದು ಮೇಲೇರಿದ ಆರ್ಯಭಟ ಉಪಗ್ರಹಕ್ಕೆ ಅವರು ನಾಯಕರಾದರು. ಆ ನಾಯಕತ್ವದ ಹಿಂದೆ ಶಿಷ್ಯವೃತ್ತಿಯ ವರ್ಷಗಳಿದ್ದುವೆಂಬುದನ್ನು ಮರೆಯಲಾಗದು.

ಆಯ್ಕೆಯ ಕ್ರಮ ಬದಲಾಗುವವರೆಗೆ ವಿದ್ಯಾರ್ಥಿಗಳು ಸುಮ್ಮನೆ ಕಾಯಬೇಕಾಗಿಲ್ಲ. ಮುಂದಿನ ಪ್ರಯೋಗದಲ್ಲಿ ನಿಮ್ಮ ಉತ್ತರವು ಪುಸ್ತಕದ ಬೆಲೆಗೆ ಹೊಂದದಿದ್ದರೆ ಅದನ್ನು ಅಳಿಸಬೇಡಿರಿ. ಹಾಗೆಯೇ ಬರೆದು, ಕೆಳಗೆ ಕಾರಣವನ್ನು ಹುಡುಕಿ ಬರೆಯಿರಿ. ಅದಕ್ಕೆ ರುಜು ಹಾಕುವ ಧೈರ್ಯವನ್ನು ಅಧ್ಯಾಪಕರಾದ ನಾವೂ ಕಲಿಯಬೇಕಾಗಿದೆ.