ಕಡ್ಡಿ ತುಂಬಿದೆ, ಪಾಠ ಬರ್ತಿಲ್ಲ

ವಿಜ್ಞಾನ ಶಿಕ್ಷಕ ಮಿತ್ರರೇ, ವೈಫೈ ರಿಪೀಟರ್ ಅನ್ನೋ ಸಾಧನ ನಿಮ್ಮ ವಿದ್ಯಾರ್ಥಿಗಳ ಮನೆಗಳಿಗೂ ಬಂದಿರಬಹುದು. ಗೋಡೆಯ ಪ್ಲಗ್ಗಿಗೆ ಚುಚ್ಚುವ, ಅಂಗೈ ಅಗಲದ, ಎರಡು ಕೊಂಬಿನಂಥ ಆಂಟೆನಾ ಇರುವ ಡಬ್ಬಿ. ರೌಟರಿನ ಸಿಗ್ನಲ್ ಮುಟ್ಟದ ಕೋಣೆಗೆ ಇದು ಮುಟ್ಟಿಸುತ್ತದೆ ಅಂತ ಅಂಗಡಿಯವರು ಹೇಳಿ ಕೊಡ್ತಾರೆ. ಹೇಳಿದ್ದು ಸುಳ್ಳಲ್ಲ. ಆದರೆ ಅದನ್ನು ಮನೆಯಲ್ಲಿ ಎಲ್ಲಿಡಬೇಕು ಅಂತ ಯಾರೂ ಹೇಳೋದಿಲ್ಲ. ಅದನ್ನು ಹೇಳಬೇಕಾದವರು ನಾವು ಎಂಬುದು ನನ್ನ ಅಭಿಪ್ರಾಯ.

ಕಣೇಕಲ್ಲಿನಲ್ಲಿ ನಾನು ಕಂಡದ್ದನ್ನೇ ಹೇಳ್ತೀನಿ. ಹತ್ತನೆಯ ತರಗತಿಯ ಒಬ್ಬ ಹುಡುಗಿಯ ತಂದೆ ರಸ್ತೆಯಲ್ಲಿ ಸಿಕ್ಕು, "ಸಾರ್, ಕನ್ನಡ ಮೀಡಿಯಂ ಪಾಠ ಫೋನಲ್ಲಿ ಬರೋದೇ ಇಲ್ಲ. ದುಂಡಗೆ ತಿರುಗ್ತಾನೇ ಇರ್ತದೆ. ಸಣ್ಣವಳನ್ನ ಬೇರೆ ಮೀಡಿಯಂಗೆ ಹಾಕ್ತೀನಿ" ಅಂದರು. ರಿಪೀಟರ್ ತಂದಿದ್ದಾರೆ, ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿವೆ, ಆದರೂ ವಿಡಿಯೊ ಓಡೋದಿಲ್ಲ. ಹಾಗಾದರೆ ತಪ್ಪು ಕನ್ನಡದ ಪಾಠದ್ದೇ ಅಂತ ಅವರ ತೀರ್ಮಾನ. ಒಂದೊಂದು ಮಗುವನ್ನೂ ಎಣಿಸಿ ಕನ್ನಡ ವಿಭಾಗ ಉಳಿಸಿಕೊಳ್ಳುವ ನಮಗೆ ಇದು ನಗುವ ಮಾತಲ್ಲ.

ಸಂಜೆ ಅವರ ಮನೆಗೆ ಹೋದೆ. ನಮ್ಮ ಕಡೆಯ ಹಳೆಯ ಮನೆಗಳು ನಿಮಗೆ ಗೊತ್ತಲ್ಲ, ಮೊಳ ದಪ್ಪದ ಕಲ್ಲು ಮಣ್ಣಿನ ಗೋಡೆ, ಉದ್ದಕ್ಕೆ ಪಡಸಾಲೆ, ನಡುಮನೆ, ಅಡಿಗೆಮನೆ, ಕೊನೆಗೆ ಹಿತ್ತಿಲ ಕೋಣೆ. ರೌಟರ್ ಪಡಸಾಲೆಯಲ್ಲಿ, ಟಿವಿಯ ಹಿಂದೆ, ಕಬ್ಬಿಣದ ಬೀರುವಾಕ್ಕೆ ಒತ್ತಿಕೊಂಡು ಕೂತಿತ್ತು. ರಿಪೀಟರ್ ಹುಡುಗಿ ಓದುವ ಹಿತ್ತಿಲ ಕೋಣೆಯಲ್ಲಿತ್ತು. ಸಿಗ್ನಲ್ ಎಲ್ಲಿ ಬೇಕೋ ಅಲ್ಲೇ ತಾನೇ ಇಡೋದು!

ಸಿಗ್ನಲ್ ಅಳೆಯುವ ಉಚಿತ ಆ್ಯಪ್ ಒಂದು ನನ್ನ ಫೋನಿನಲ್ಲಿದೆ. ಅದು ಡಿಬಿಎಂ ಎಂಬ ಮಾನದಲ್ಲಿ ತೋರಿಸುತ್ತದೆ. ಸಂಖ್ಯೆ ಋಣ, ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ. ರೌಟರಿನ ಪಕ್ಕ -35, ನಡುಮನೆ ಬಾಗಿಲಲ್ಲಿ -58, ಅಡಿಗೆಮನೆಯಲ್ಲಿ -72, ರಿಪೀಟರ್ ಇದ್ದ ಜಾಗದಲ್ಲಿ -84. ಈ ಲೆಕ್ಕದಲ್ಲಿ 10 ಕಡಿಮೆಯಾದರೆ ಶಕ್ತಿ ಹತ್ತರಲ್ಲಿ ಒಂದು ಪಾಲು, 20 ಕಡಿಮೆಯಾದರೆ ನೂರರಲ್ಲಿ ಒಂದು ಪಾಲು. ಅಂದರೆ ನಡುಮನೆಗೂ ಹಿತ್ತಿಲ ಕೋಣೆಗೂ ಸುಮಾರು 400 ಪಟ್ಟು ವ್ಯತ್ಯಾಸ. ನಡುವೆ ಇರೋದು ಎರಡೇ ಗೋಡೆ.

ರಿಪೀಟರ್ ತಾನಾಗಿ ಏನನ್ನೂ ಹುಟ್ಟಿಸೋದಿಲ್ಲ, ಕೇಳಿಸಿಕೊಂಡದ್ದನ್ನು ಮತ್ತೆ ಹೇಳುತ್ತದೆ. ನಮ್ಮೂರ ಎಚ್‌ಎಲ್‌ಸಿ ಕಾಲುವೆ ನೋಡಿದ ರೈತರಿಗೆ ಇದನ್ನು ವಿವರಿಸೋದು ಸುಲಭ. ಕಾಲುವೆಯ ಕೊನೆಗೆ ನೀರು ಬರ್ತಿಲ್ಲ ಅಂತ ಒಣಗಿದ ಜಾಗದಲ್ಲೇ ಯಾರಾದರೂ ಮೋಟಾರ್ ಇಡ್ತಾರಾ? ನೀರು ಇನ್ನೂ ಚೆನ್ನಾಗಿರುವ ಜಾಗದಲ್ಲಿ ಮೋಟಾರ್ ಇಟ್ಟು, ಅಲ್ಲಿಂದ ಪೈಪ್ ಎಳೀತಾರೆ. ಇಷ್ಟು ಹೇಳುವಷ್ಟರಲ್ಲಿ ಆ ತಂದೆಗೆ ಅರ್ಥವಾಯಿತು.

ಇನ್ನು ಆ ತುಂಬಿದ ಕಡ್ಡಿಗಳು. ಫೋನು ತೋರಿಸೋದು ತನಗೂ ರಿಪೀಟರಿಗೂ ಇರುವ ಸಂಬಂಧವನ್ನು ಮಾತ್ರ. ರಿಪೀಟರಿಗೂ ರೌಟರಿಗೂ ನಡುವೆ ಏನು ನಡೀತಿದೆ ಅಂತ ಫೋನಿಗೆ ಗೊತ್ತಿಲ್ಲ. ಅಳೆದದ್ದು ಏನು ಅಂತ ಕೇಳದೆ ಸಂಖ್ಯೆಯನ್ನು ನಂಬಬಾರದು ಅಂತ ಪ್ರಯೋಗಶಾಲೆಯಲ್ಲಿ ನಾವೇ ಹೇಳ್ತೀವಿ. ಮನೆಗೆ ಬಂದರೆ ನಾವೂ ಕಡ್ಡಿ ಎಣಿಸ್ತೀವಿ.

ಅದನ್ನು ನಡುಮನೆ ಬಾಗಿಲಿಗೆ ತಂದು ಚುಚ್ಚಿದೆವು. ಹಿತ್ತಿಲ ಕೋಣೆಯಲ್ಲಿ ಕಡ್ಡಿ ಒಂದು ಕಡಿಮೆಯಾಯಿತು, ವಿಡಿಯೊ ಓಡಿತು. ಆದರೂ ರೌಟರಿನ ಪಕ್ಕ ಸಿಗುವ ವೇಗದ ಅರ್ಧವೂ ಅಲ್ಲಿ ಸಿಗಲಿಲ್ಲ. ಇದು ಆ ಡಬ್ಬಿಯ ದೋಷವಲ್ಲ, ಅದರ ಸ್ವಭಾವ. ಅಗ್ಗದ ರಿಪೀಟರಿಗೆ ಇರೋದು ಒಂದೇ ರೇಡಿಯೊ, ಒಂದೇ ಚಾನೆಲ್. ಕೇಳುವಾಗ ಹೇಳೋಕಾಗಲ್ಲ, ಹೇಳುವಾಗ ಕೇಳೋಕಾಗಲ್ಲ. ಪ್ರತಿ ಮಾತೂ ಗಾಳಿಯಲ್ಲಿ ಎರಡು ಸಲ ಹೋಗಬೇಕು, ಆದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧ. 5 ಗಿಗಾಹರ್ಟ್ಸ್‌ನಲ್ಲಿ ಕೇಳಿ 2.4ರಲ್ಲಿ ಹೇಳುವ ಎರಡು ಬ್ಯಾಂಡಿನವು ಈ ನಷ್ಟವನ್ನು ಬಹಳಷ್ಟು ತಪ್ಪಿಸುತ್ತವೆ. ಬೆಲೆ ಜಾಸ್ತಿ. ಮೇಲಾಗಿ 5 ಗಿಗಾಹರ್ಟ್ಸ್ ತರಂಗ ಕಲ್ಲಿನ ಗೋಡೆಯಲ್ಲಿ ಬೇಗ ಸೋಲುತ್ತದೆ.

ತರಗತಿಯಲ್ಲಿ ಇದಕ್ಕೆ ಖರ್ಚಿಲ್ಲದ ಆಟ ಒಂದಿದೆ. ಮೂವರು ಮಕ್ಕಳನ್ನು ವರಾಂಡದಲ್ಲಿ ದೂರ ದೂರ ನಿಲ್ಲಿಸಿ. ಮೊದಲನೆಯವನು ಒಂದೊಂದೇ ವಾಕ್ಯ ಓದಲಿ, ನಡುವಿನವನು ಕೇಳಿಕೊಂಡು ಕೊನೆಯವನಿಗೆ ಕೂಗಿ ಹೇಳಲಿ. ಗಡಿಯಾರ ಹಿಡಿದು ನೋಡಿ, ಸಮಯ ಎರಡರಷ್ಟಾಗುತ್ತದೆ. ಆಮೇಲೆ ನಡುವಿನವನನ್ನು ಮೊದಲನೆಯವನ ಮಾತು ಸರಿಯಾಗಿ ಕೇಳದಷ್ಟು ದೂರಕ್ಕೆ ಕಳಿಸಿ. ಅವನು ಎಷ್ಟೇ ಜೋರಾಗಿ ಕೂಗಲಿ, ಕೊನೆಯವನ ಹಾಳೆಯಲ್ಲಿ ಬರೋದು ತಪ್ಪು ವಾಕ್ಯವೇ.

ಹಾಗಾದರೆ ಏನು ಮಾಡಬೇಕು? ರಿಪೀಟರ್ ಕೊನೆಯ ಉಪಾಯ ಅಂತ ನಾನು ಹೇಳ್ತೀನಿ. ಮೊದಲು ರೌಟರನ್ನು ಬೀರುವಾ, ನೀರಿನ ಡ್ರಮ್ಮು, ಟಿವಿಗಳಿಂದ ಬಿಡಿಸಿ ಮನೆಯ ನಡುವೆ, ತಲೆಗಿಂತ ಎತ್ತರಕ್ಕೆ ತನ್ನಿ. ಕಬ್ಬಿಣ ತರಂಗವನ್ನು ಪ್ರತಿಫಲಿಸುತ್ತದೆ, ನೀರು ಹೀರಿಕೊಳ್ಳುತ್ತದೆ. (ಫೈಬರ್ ಗಾಜಿನ ಎಳೆ, ಅದನ್ನು ನೀವೇ ಮಡಿಸಿ ಎಳೆಯಬೇಡಿ, ಹಾಕಿದವರನ್ನೇ ಕರೆಯಿರಿ.) ಅದರಿಂದಲೂ ಆಗದಿದ್ದರೆ ತಂತಿ. ಮನೆಯೊಳಗೆ ವೈರ್‌ಲೆಸ್ಸೇ ಆಗಬೇಕು ಅನ್ನೋ ಹಟ ನನಗೆ ಅರ್ಥವಾಗಲ್ಲ. ಸಾಮಾನ್ಯ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಡೇಟಾ ಒಯ್ಯುತ್ತದೆ, ನಮ್ಮ ಮನೆಗಳಿಗೆ 20 ಮೀಟರ್ ಸಾಕು. ಆ ಮನೆಯಲ್ಲಿ ಮುಂದಿನ ಭಾನುವಾರ ಕಿಟಕಿ ಮೂಲಕ ಕೇಬಲ್ ಹಾಯಿಸಿ, ಅದೇ ರಿಪೀಟರಿನ ತಂತಿ ಕಿಂಡಿಗೆ ಚುಚ್ಚಿ, ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಅಂತ ಬದಲಾಯಿಸಿದೆವು. ಈಗ ಅದನ್ನು ಹಿತ್ತಿಲ ಕೋಣೆಯಲ್ಲೇ ಇಡಬಹುದು, ಯಾಕೆಂದರೆ ಅದು ಕೇಳಿಸಿಕೊಳ್ಳೋದು ತಂತಿಯಿಂದ. ವೇಗ ಪಡಸಾಲೆಯಲ್ಲಿ ಇದ್ದಷ್ಟೇ ಬಂತು. ತಂದ ಡಬ್ಬಿಯೂ ದಂಡವಾಗಲಿಲ್ಲ. ಬಾಡಿಗೆ ಮನೆ, ತಂತಿ ಎಳೆಯಲು ದಾರಿಯಿಲ್ಲ ಅನ್ನುವವರು ರಿಪೀಟರ್ ಇಟ್ಟುಕೊಳ್ಳಲಿ, ಆದರೆ ರೌಟರಿನ ಸಿಗ್ನಲ್ -65ಕ್ಕಿಂತ ದುರ್ಬಲವಾಗದ ಜಾಗದಲ್ಲಿ.

ಇದೆಲ್ಲ ಅಂಗಡಿಯವರ ಕೆಲಸ, ನಮಗ್ಯಾಕೆ ಅಂತ ಕೆಲವರು ಕೇಳಬಹುದು. ಆಂಧ್ರದ ಫೈಬರ್ ಗ್ರಿಡ್ ಯೋಜನೆಯನ್ನು 2017ರ ಡಿಸೆಂಬರ್ 27ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಲೋಕಾರ್ಪಣೆ ಮಾಡಿದರು. ನೂರಾರು ಕಿಲೋಮೀಟರ್ ಬೆಳಕಾಗಿ ಬರುವ ಪಾಠ ಮನೆಯೊಳಗಿನ ಕೊನೆಯ ಹತ್ತು ಮೀಟರಿನಲ್ಲಿ ನಿಂತರೆ, ಅದು ಪ್ರತಿಫಲನ, ಹೀರಿಕೆ, ತರಂಗದೂರಗಳ ಪ್ರಶ್ನೆ. ನಮ್ಮದೇ ವಿಷಯ ಅಲ್ವಾ? 2.4 ಗಿಗಾಹರ್ಟ್ಸ್ ತರಂಗದ ಉದ್ದ 12.5 ಸೆಂ.ಮೀ. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿ ಮಕ್ಕಳೇ ಇದನ್ನು ಕಂಡುಕೊಳ್ಳಬಹುದು. ನಾವು ಬೋರ್ಡಿನ ಮೇಲೆ ಅದೇ ಸೂತ್ರ ಬರೆದು, ಕಂಠಪಾಠ ಮಾಡಿಸಿ, ಒರೆಸ್ತೀವಿ.

ಈ ತಿಂಗಳು ನಿಮ್ಮ ಮಕ್ಕಳಿಗೆ ಮನೆಯ ನಕ್ಷೆ ಬರೆಸಿ, ಐದು ಜಾಗದಲ್ಲಿ ಡಿಬಿಎಂ ಗುರುತಿಸಲು ಹೇಳಿ. ಮನೆಯಲ್ಲಿ ವೈಫೈ ಇಲ್ಲದ ಮಕ್ಕಳನ್ನು ಎಬ್ಬಿಸಿ ಕೇಳಬೇಡಿ. ಶಾಲೆಯಲ್ಲೇ ನಿಮ್ಮ ಫೋನಿನ ಹಾಟ್‌ಸ್ಪಾಟ್ ಹಾಕಿ, ಇನ್ನೊಂದು ಫೋನು ಅವರ ಕೈಗೆ ಕೊಟ್ಟು ವರಾಂಡ ಅಳೆಸಿ. ಗೋಡೆ ಕಲ್ಲಿನದೋ, ಇಟ್ಟಿಗೆಯದೋ, ತಗಡಿನದೋ ಅಂತ ಬರೆಸೋದು ಮರೆಯಬೇಡಿ. ನಾನು ಅಳೆದದ್ದು ಕಣೇಕಲ್ಲಿನ ಆರೇಳು ಮನೆಗಳನ್ನು ಮಾತ್ರ. ರಾಯದುರ್ಗ, ಮಡಕಶಿರದ ಮನೆಗಳ ಸಂಖ್ಯೆಗಳು ಬಂದರೆ ಯಾವ ಗೋಡೆ ಎಷ್ಟು ನುಂಗುತ್ತದೆ ಅಂತ ನಮ್ಮದೇ ಒಂದು ಪಟ್ಟಿ ಮಾಡಿ ಇಲ್ಲೇ ಹಾಕೋಣ.