ಬೀಗದ ಕೈ ಯಾರ ಸೊಂಟದಲ್ಲಿ?

ಊರಿನಲ್ಲಿ ಕಸಬು ಕಲಿಸುವ ಕೇಂದ್ರವೊಂದು ತೆರೆಯುತ್ತದೆಂದರೆ ಸಂತೋಷಪಡದವರು ಯಾರು? ಹುಡುಗರು ಬಡಗಿ ಕೆಲಸ ಕಲಿಯಲಿ, ಹೆಣ್ಣುಮಕ್ಕಳು ಮೋಟಾರು ಬಿಚ್ಚಿ ಜೋಡಿಸಲಿ, ಲೇತಿನ ಮುಂದೆ ನಿಂತು ತಾವೇ ಒಂದು ಸಾಮಾನು ಮಾಡಿಕೊಂಡು ಹೊರಗೆ ಬರಲಿ. ಇದಕ್ಕೆ ನಮ್ಮ ವಿರೋಧವಿಲ್ಲ. ನಮ್ಮ ಪ್ರಶ್ನೆ ಬೇರೆ. ಇಂಥ ಕೇಂದ್ರಗಳ ಉದ್ಘಾಟನೆಯ ದಿನ ಗೋಡೆಗೆ ಕೂರಿಸುವ ಕಲ್ಲನ್ನು ವಾಚಕರು ಓದಿ ನೋಡಬೇಕು. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಸಲಹೆಗಾರರು. ಅಷ್ಟು ಹೆಸರುಗಳಲ್ಲಿ ಕೈಗೆ ಎಣ್ಣೆ ಮೆತ್ತಿಕೊಂಡವರ ಹೆಸರು ಎಷ್ಟು?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮದೇ. ಸರ್ಕಾರ ಯಂತ್ರ ಕೊಡಬಹುದು, ದಾನಿಗಳು ಜಾಗ ಕೊಡಬಹುದು. ಆದರೆ ಬಾಗಿಲು ಎಷ್ಟು ಹೊತ್ತಿಗೆ ತೆರೆಯಬೇಕು, ಯಾರನ್ನು ಸೇರಿಸಬೇಕು, ಏನನ್ನು ಕಲಿಸಬೇಕು ಎಂಬುದನ್ನು ತೀರ್ಮಾನಿಸುವವರು ಕಮಿಟಿಯ ಹತ್ತು ಮಂದಿ. ಬೀಗದ ಕೈ ಅವರ ಸೊಂಟದಲ್ಲಿ.

ಈ ಪ್ರಶ್ನೆ ಇಂದಿನದಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜಾರ್ಜ್ ಬರ್ಕ್‌ಬೆಕ್ ಎಂಬ ವೈದ್ಯ ಆಂಡರ್ಸನ್ ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕನಾಗಿದ್ದ. ಪಾಠಕ್ಕೆ ಬೇಕಾದ ಉಪಕರಣ ಮಾಡಿಸಲು ಹೋದಾಗ ಅಲ್ಲಿನ ಕೆಲಸಗಾರರು ಅದು ಏನು, ಹೇಗೆ ನಡೆಯುತ್ತದೆ ಎಂದು ಕೇಳಿದರು. ತಾವೇ ಮಾಡುವ ವಸ್ತುವಿನ ಗುಟ್ಟು ಅವರಿಗೆ ಹೇಳಿದವರಿರಲಿಲ್ಲ. 1800ರಲ್ಲಿ ಆತ ಅವರಿಗಾಗಿ ಶುಲ್ಕವಿಲ್ಲದೆ ಪಾಠ ಆರಂಭಿಸಿದ. ಆತ ಊರು ಬಿಟ್ಟು ಹೋದ ಮೇಲೂ ತರಗತಿ ನಡೆಯಿತು. ಆದರೆ ಕಲಿಯುವ ಕೆಲಸಗಾರರಿಗೂ ಸಂಸ್ಥೆಯ ಆಡಳಿತಗಾರರಿಗೂ ಜಗಳ ಬಂತು. 1823ರಲ್ಲಿ ಕೆಲಸಗಾರರು ಹೊರಗೆ ನಡೆದು ತಮ್ಮದೇ ಸಂಸ್ಥೆ ಕಟ್ಟಿಕೊಂಡರು.

ಅದೇ ವರ್ಷ ಲಂಡನ್ನಿನಲ್ಲಿಯೂ ಅಂಥ ಸಂಸ್ಥೆ ಬೇಕೆಂದು ಜೋಸೆಫ್ ರಾಬರ್ಟ್‌ಸನ್ ಮತ್ತು ಥಾಮಸ್ ಹಾಜ್‌ಸ್ಕಿನ್ ಎಂಬ ಇಬ್ಬರು ತಮ್ಮ ಪತ್ರಿಕೆಯಲ್ಲಿ ಕರೆ ಕೊಟ್ಟರು. ಹಣ ಕೆಲಸಗಾರರದೇ ಆಗಿರಲಿ, ಆಡಳಿತವೂ ಅವರದೇ ಆಗಿರಲಿ ಎಂಬುದು ಅವರ ವಾದ. ಫ್ರಾನ್ಸಿಸ್ ಪ್ಲೇಸ್ ಎಂಬ ಇನ್ನೊಬ್ಬ ಮುಖಂಡ ಒಪ್ಪಲಿಲ್ಲ. ಶ್ರೀಮಂತರ ನೆರವಿಲ್ಲದೆ ಇಷ್ಟು ದೊಡ್ಡ ಕೆಲಸ ಸಾಗದು ಎಂದು ಅವನು ಚಂದಾ ಎತ್ತಲು ಹೊರಟ. ಕೊನೆಗೆ ಎರಡೂ ಕಡೆಯವರು ಸೇರಿದರು. ಅಷ್ಟರಲ್ಲಿ ಲಂಡನ್ನಿಗೆ ಬಂದು ನೆಲಸಿದ್ದ ಬರ್ಕ್‌ಬೆಕ್ ಅಧ್ಯಕ್ಷನಾದ. ಆದರೆ ಒಂದು ನಿಯಮವನ್ನು ಮಾತ್ರ ಕೆಲಸಗಾರರು ಬಿಡಲಿಲ್ಲ: ಕಮಿಟಿಯ ಮೂರರಲ್ಲಿ ಎರಡು ಪಾಲು ಸದಸ್ಯರು ಕೈಕೆಲಸದವರೇ ಆಗಿರಬೇಕು.

ಆ ನಿಯಮದಿಂದ ಎಲ್ಲವೂ ಸರಿಹೋಯಿತೇ? ಇಲ್ಲ. ಉಪನ್ಯಾಸ ಮಂದಿರ ಕಟ್ಟಲು ಹಣ ಸಾಲದೆ ಅಧ್ಯಕ್ಷರಿಂದಲೇ ಸಾಲ ಪಡೆಯಬೇಕಾಯಿತು. ಬರ್ಕ್‌ಬೆಕ್ ದುಷ್ಟನಲ್ಲ, ಉಪಕಾರಿಯೇ. ಆದರೆ ಸಾಲ ಕೊಟ್ಟವರ ಎದುರಿಗೆ ಕುಳಿತು ಮೇಜು ಕುಟ್ಟಿ ಮಾತಾಡುವವರು ಎಷ್ಟು ಜನ? ಅಂಗಡಿ ನಡೆಸುವ ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಗೆಂದು ಕುರ್ಚಿ ಸಿಕ್ಕಿದ್ದು ದಂಡವಾಯಿತೆಂದೂ ಅಲ್ಲ. ದುಡಿಮೆಯ ಫಲ ಯಾರಿಗೆ ಸೇರಬೇಕೆಂದು ಕೇಳುತ್ತಿದ್ದ ಅದೇ ಹಾಜ್‌ಸ್ಕಿನ್ ಆ ಸಂಸ್ಥೆಯಲ್ಲಿಯೇ ಅರ್ಥಶಾಸ್ತ್ರದ ಮೇಲೆ ಉಪನ್ಯಾಸ ಕೊಟ್ಟ. 1827ರಲ್ಲಿ ಅವು ಪುಸ್ತಕವಾಗಿ ಬಂದವು. ಯಂತ್ರ ತಿರುಗಿಸುವುದರ ಜೊತೆಗೆ, ಯಂತ್ರ ಯಾರಿಗಾಗಿ ತಿರುಗುತ್ತಿದೆ ಎಂಬ ಪಾಠಕ್ಕೂ ಅಲ್ಲಿ ಜಾಗ ಸಿಕ್ಕಿತು.

ಈಗ ನಮ್ಮ ದೇಶಕ್ಕೆ ಬರೋಣ. 2007-08ರಲ್ಲಿ ಕೇಂದ್ರ ಸರ್ಕಾರ 1,396 ಸರ್ಕಾರಿ ಐ.ಟಿ.ಐ.ಗಳನ್ನು ಖಾಸಗಿಯವರ ಸಹಭಾಗಿತ್ವದಲ್ಲಿ ಸುಧಾರಿಸುವ ಯೋಜನೆ ತಂದಿತು. ಒಂದೊಂದು ಸಂಸ್ಥೆಗೆ ಎರಡೂವರೆ ಕೋಟಿ ರೂಪಾಯಿಯವರೆಗೆ ಬಡ್ಡಿಯಿಲ್ಲದ ಸಾಲ. ಹಣ ಹೋದದ್ದು ಅದರ ಆಡಳಿತ ಸಮಿತಿಯ ಕೈಗೆ. ಆ ಸಮಿತಿಯ ಕುರ್ಚಿಗಳನ್ನು ಎಣಿಸೋಣ. ಅಧ್ಯಕ್ಷರು ಉದ್ಯಮಿ ಅಥವಾ ಅವರ ಪ್ರತಿನಿಧಿ. ಸ್ಥಳೀಯ ಕೈಗಾರಿಕೆಗಳಿಂದ ಇನ್ನೂ ನಾಲ್ವರು. ರಾಜ್ಯ ಸರ್ಕಾರ ನೇಮಿಸುವವರು ಐವರು. ಅವರಲ್ಲಿ ಅಧ್ಯಾಪಕರ ಪರವಾಗಿ ಒಬ್ಬರು, ವಿದ್ಯಾರ್ಥಿಗಳ ಪರವಾಗಿ ಒಬ್ಬರು. ಪ್ರಿನ್ಸಿಪಾಲರು ಕಾರ್ಯದರ್ಶಿ. ಕಾರ್ಮಿಕ ಸಂಘಕ್ಕೆಂದು ಎಷ್ಟು ಕುರ್ಚಿ? ಒಂದೂ ಇಲ್ಲ.

ಒಬ್ಬ ವಿದ್ಯಾರ್ಥಿಯನ್ನು ಕೂರಿಸಿದ್ದಾರಲ್ಲ ಎಂದು ಯಾರಾದರೂ ಹೇಳಬಹುದು. ನಾಳೆ ಕೆಲಸ ಕೊಡಬೇಕಾದ ಧಣಿ ಅಧ್ಯಕ್ಷ ಸ್ಥಾನದಲ್ಲಿರುವಾಗ, ವರ್ಷ ಎರಡು ವರ್ಷಕ್ಕೆ ಕಲಿಯಲು ಬಂದ ಹುಡುಗ ಎದ್ದು ನಿಂತು ಏನು ಹೇಳಿಯಾನು? ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದವರಿಗೇ ಆ ಧೈರ್ಯ ಬರಬೇಕಾದರೆ ಬೆನ್ನಹಿಂದೆ ಸಂಘ ಬೇಕು.

ಕಾರ್ಖಾನೆಯವರೇ ಬೇಡ ಎಂದು ನಾವು ಹೇಳುವುದಿಲ್ಲ. ಯಾವ ಕಸಬಿಗೆ ಬೇಡಿಕೆ ಇದೆ ಎಂಬುದು ಅವರಿಗೆ ಗೊತ್ತಿದೆ. ಆದರೆ ಅವರಿಗೆ ಬೇಕಾದದ್ದು ಸೋಮವಾರ ಬೆಳಿಗ್ಗೆ ತಮ್ಮ ಯಂತ್ರದ ಮುಂದೆ ನಿಲ್ಲುವ ಆಳು. ಆ ಒಂದು ಯಂತ್ರ ಕಲಿತವನು ಯಂತ್ರ ಬದಲಾದ ದಿನ ಬೀದಿಗೆ ಬೀಳುತ್ತಾನೆ. ನಮಗೆ ಬೇಕಾದದ್ದು ಲೆಕ್ಕ, ನಕ್ಷೆ, ಲೋಹದ ಗುಣ, ಕೂಲಿಯ ಕಾನೂನು ಎಲ್ಲವನ್ನೂ ಬಲ್ಲ ಮನುಷ್ಯ. ಆತ ಬೇಕಾದರೆ ಗಿರಣಿಗೆ ಹೋದಾನು, ಬೇಕಾದರೆ ಬೀದಿಯ ತುದಿಯಲ್ಲಿ ರಿಪೇರಿ ಅಂಗಡಿ ಇಟ್ಟಾನು. ಈ ಎರಡರಲ್ಲಿ ಯಾವುದನ್ನು ಕಲಿಸಬೇಕೆಂಬುದೇ ಕಮಿಟಿಯ ತೀರ್ಮಾನ.

ಕೂಲಿಗಾರನಿಗೆ ಆಡಳಿತ ತಿಳಿಯದು ಎಂಬ ಹಳೆಯ ಮಾತು ಮತ್ತೆ ಬರುತ್ತದೆ. ಪತ್ತಿನ ಸಂಘ ನಡೆಸುವವರು ಯಾರು? ಸಂಘದ ಚಂದಾ ಎತ್ತಿ ರಸೀದಿ ಕೊಡುವವರು ಯಾರು? ರಾತ್ರಿ ಅಂಗಡಿ ಮುಚ್ಚುವ ಮುನ್ನ ನಾಲ್ಕಾಣೆ ತಪ್ಪದೆ ಖಾತೆ ಬರೆಯುತ್ತಿದ್ದ ಹಿರಿಯರ ಮಕ್ಕಳಿಗೆ ಲೆಕ್ಕ ಬಾರದೇ?

ಆದ್ದರಿಂದ ನಿಮ್ಮ ಊರಿನಲ್ಲಿ ಇಂಥ ಕೇಂದ್ರಕ್ಕೆ ಕಮಿಟಿ ರಚನೆಯಾಗುವಾಗ ಐದು ಮಾತು ಕೇಳಿರಿ. ಮೂರರಲ್ಲಿ ಎರಡು ಪಾಲು ಸ್ಥಾನ ಕಸಬುದಾರರಿಗೆ, ಕಲಿಯುವವರಿಗೆ, ಸಣ್ಣ ವ್ಯಾಪಾರಿಗಳಿಗೆ ಇರಲಿ. ಅವರನ್ನು ಮೇಲಿನವರು ನೇಮಿಸದೆ ಅವರವರ ಸಂಘಗಳೇ ಆರಿಸಿ ಕಳಿಸಲಿ. ತಿಂಗಳ ಜಮಾಖರ್ಚು ಬಾಗಿಲ ಬಳಿಯ ಹಲಗೆಯ ಮೇಲೆ ಎಲ್ಲರ ಕಣ್ಣಿಗೆ ಬೀಳಲಿ. ಪಾಳಿ ಮುಗಿಸಿ ಬರುವವರಿಗಾಗಿ ರಾತ್ರಿ ಒಂಬತ್ತರವರೆಗೂ ದೀಪ ಉರಿಯಲಿ. ಸಾಲವೇ ಶೂಲ ಎಂಬುದನ್ನು ನೆನೆದು, ಚಿಕ್ಕದಾದರೂ ಸದಸ್ಯರದೇ ಚಂದಾ ಇರಲಿ.

ಇದಕ್ಕೆ ನಾವೂ ಸಮಯ ಕೊಡಬೇಕು. ಸಭೆಗೆ ಕರೆದ ದಿನ ಹೋಗದೆ, ಮರುದಿನ ಚಹದಂಗಡಿಯಲ್ಲಿ ಕುಳಿತು ಬೈದರೆ ಬೀಗದ ಕೈ ನಮ್ಮ ಸೊಂಟಕ್ಕೆ ಬಾರದು. ಗ್ಲಾಸ್ಗೋದ ಕೆಲಸಗಾರರು ದಿನವಿಡೀ ದುಡಿದು ಬಂದು ಸಭೆ ಸೇರಿದರು. ನಮ್ಮಿಂದ ತಿಂಗಳಿಗೆ ಒಂದು ಸಂಜೆ ಆಗದೇ?