30 ವರ್ಷದ ಮಾಡು 17ಕ್ಕೇ ಮುದಿಯಾಯ್ತಾ?

ಡಲ್ಲಾಸ್ ಕಡೆ ಆಲಿಕಲ್ಲು ಬಿದ್ದ ಮರುದಿನ ಬಾಗಿಲು ತಟ್ಟುವವರು ಅಣಬೆ ಥರ ಏಳುತ್ತಾರೆ. ಮೊನ್ನೆ ನಮ್ಮ ಮನೆಗೂ ಒಬ್ಬ ಬಂದ. ರಸ್ತೆಯಿಂದಲೇ ಕತ್ತೆತ್ತಿ ನೋಡಿ "ರೂಫ್ ಮುಗೀತು, ಪೂರ್ತಿ ಬದಲಾಯಿಸಬೇಕು" ಅಂದ. ಮಾಡಿಗೆ ಇನ್ನೂ 17 ವರ್ಷ. ಮನೆ ಕೊಳ್ಳುವಾಗ 30 ವರ್ಷದ ಶಿಂಗಲ್ ಅಂದಿದ್ದರಲ್ಲ ಎಂದರೆ ನಕ್ಕ.

ನಗೋದಕ್ಕೆ ಕಾರಣ ಇದೆ ಬಿಡಿ. ಅದು ವಾರಂಟಿ ಲೆಕ್ಕ, ಆಯಸ್ಸಿನದ್ದಲ್ಲ. ತೆಳು ತ್ರೀ-ಟ್ಯಾಬ್ ಶಿಂಗಲ್ಲು 15-20 ವರ್ಷ, ದಪ್ಪನೆಯ ಆರ್ಕಿಟೆಕ್ಚರಲ್ ಶಿಂಗಲ್ಲು 20-30 ವರ್ಷ ಬಂದರೆ ಪುಣ್ಯ. ಟೆಕ್ಸಾಸ್ ಬಿಸಿಲಿಗೆ ಇನ್ನೂ ಕಮ್ಮಿ. ಆದರೂ ಬರೀ ವಯಸ್ಸು ನೋಡಿ ಮಾಡು ಕೀಳಿಸುವುದು ನನಗೆ ಸರಿ ಕಾಣುವುದಿಲ್ಲ. ಡಾಂಬರನ್ನು ಬಿಸಿಲಿನಿಂದ ಕಾಯುವುದು ಮೇಲಿನ ಕಲ್ಲಿನ ಹರಳು. ಅದು ಉದುರಿ ಗಟರಿನಲ್ಲಿ ಮರಳಿನಂತೆ ಕೂತಿದೆಯೇ, ಶಿಂಗಲ್ಲಿನ ಅಂಚು ಹಪ್ಪಳದಂತೆ ಮುರುಟಿದೆಯೇ, ಅಟ್ಟದ ಹಲಗೆಯಲ್ಲಿ ನೀರಿನ ಕಲೆ ಇದೆಯೇ... ನೋಡಬೇಕಾದ್ದು ಇವನ್ನು. (ಹೊಸ ಶಿಂಗಲ್ಲೂ ಮೊದಮೊದಲು ಸ್ವಲ್ಪ ಹರಳು ಉದುರಿಸುತ್ತೆ, ಗಾಬರಿ ಬೇಡ.)

ಕೊನೆಗೆ ಆಸಾಮಿ "ಡಿಡಕ್ಟಿಬಲ್ ನೀವು ಕೊಡೋದೇ ಬೇಡ, ನಾವು ನೋಡ್ಕೋತೀವಿ" ಅಂದ. ಟೆಕ್ಸಾಸ್‌ನ 2019ರ ಕಾನೂನಿನ ಪ್ರಕಾರ ಅದು ತಪ್ಪು. ನಮಸ್ಕಾರ ಹೇಳಿ ಕಳಿಸಿದೆ.

ಆಮೇಲೆ ಏನನ್ನೂ ಮಾರದ ಒಬ್ಬ ಇನ್ಸ್‌ಪೆಕ್ಟರನ್ನು ದುಡ್ಡು ಕೊಟ್ಟು ಮೇಲೆ ಹತ್ತಿಸಿದೆ. ದಕ್ಷಿಣದ ಇಳಿಜಾರಿನಲ್ಲಿ ಮಾತ್ರ ಹರಳು ಹೋಗಿ ಬೋಳಾಗಿದೆಯಂತೆ. ಉಳಿದದ್ದು ಇನ್ನೂ ನಾಲ್ಕೈದು ವರ್ಷ ಬರುತ್ತಂತೆ. ಊರಲ್ಲಿ ಮಂಗಳೂರು ಹೆಂಚು ಒಡೆದರೆ ಅದೊಂದನ್ನೇ ತೆಗೆದು ಇನ್ನೊಂದು ಇಡುತ್ತಿದ್ದೆವು, ಇಡೀ ಮಾಡು ಯಾರೂ ಕೀಳುತ್ತಿರಲಿಲ್ಲ. ಅದೇ ಬುದ್ಧಿ ಓಡಿಸಿ ದಕ್ಷಿಣದ ಕಡೆಯಷ್ಟೇ ಬದಲಾಯಿಸಲು ಹೇಳಿದ್ದೇನೆ. ಬಣ್ಣ ಹೊಂದಲ್ಲ ಅಂತ ಮನೆಯವಳ ತಕರಾರು. ಅದೊಂದು ಮಾತ್ರ ನಿಜ.